ನಾಯಕರ ಪೋಸ್ಟ್‌ನಲ್ಲಿ ಜಾತಿ, ಬಣ್ಣ, ಧರ್ಮದ ನಿಂದನೆ: ದೂರು ಕೊಡುವುದು ಹೇಗೆ, ಕೊನೆವರೆಗೂ ಹಿಡಿದು ನಡೆಸುವುದು ಹೇಗೆ

ಒಬ್ಬ ಶಾಸಕರೋ, ಮಾಜಿ ಸಚಿವರೋ, ಪಕ್ಷದ ಜಿಲ್ಲಾ ಪದಾಧಿಕಾರಿಯೋ ಫೇಸ್‌ಬುಕ್‌ನಲ್ಲಿ ಒಂದು ಸಮುದಾಯದ ಹುಟ್ಟು, ಬಣ್ಣ, ಜಾತಿ ಹಿಡಿದು ಹೀಯಾಳಿಸುತ್ತಾರೆ. ಎರಡು ತಾಸಿನಲ್ಲಿ ಅದು ಊರಿನ ಎಲ್ಲ ವಾಟ್ಸ್‌ಆ್ಯಪ್ ಗುಂಪುಗಳಿಗೂ ಬಂದು ಮುಟ್ಟುತ್ತದೆ. ಮಾರನೇ ದಿನ ಪೋಸ್ಟ್ ಮಾಯ. ಅದರ ಜಾಗದಲ್ಲಿ ವಿಷಾದದ ಒಂದು ಸಾಲು. ಅಲ್ಲಿಗೆ ವಿಷಯ ಮುಗಿದುಹೋಗುತ್ತದೆ. "ಇದಕ್ಕ ನಾವೇನ್ ಮಾಡ್ಲಿಕ್ಕ ಬರ್ತದ್ರಿ?" ಎಂದು ಕಲಬುರಗಿ, ಬೀದರ್, ಯಾದಗಿರಿ ಕಡೆಯ ಓದುಗರು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಮಾಡಲಿಕ್ಕೆ ಬರುತ್ತದೆ. ಆದರೆ ಮೊದಲ ದಿನವೇ ಸರಿಯಾಗಿ ಶುರು ಮಾಡಬೇಕು. ಇಂಥ ದೂರುಗಳು ಹೆಚ್ಚಾಗಿ ಬಿದ್ದುಹೋಗುವುದು ಸಾಕ್ಷ್ಯ ಇಲ್ಲದೆ, ಇಲ್ಲವೇ ತಪ್ಪು ಬಾಗಿಲು ತಟ್ಟಿದ್ದರಿಂದ.

ನಮ್ಮ ಭಾಗಕ್ಕೆ ಇದು ಹೊಸದಲ್ಲ. 2023ರ ಆಗಸ್ಟ್‌ನಲ್ಲಿ ತೀರ್ಥಹಳ್ಳಿಯ ಪ್ರತಿಭಟನೆಯೊಂದರಲ್ಲಿ ಆರಗ ಜ್ಞಾನೇಂದ್ರ ಅವರು ಮಲ್ಲಿಕಾರ್ಜುನ ಖರ್ಗೆ ಅವರ ಮೈಬಣ್ಣ ಮತ್ತು ಕಲ್ಯಾಣ ಕರ್ನಾಟಕದ ಜನರ ಬಗ್ಗೆ ಆಡಿದ ಮಾತು ಎಲ್ಲರ ಮೊಬೈಲ್‌ಗೆ ಬಂತು. ಆಮೇಲೆ ಅವರು ವಿಷಾದ ಹೇಳಿದರು. 2024ರ ನವೆಂಬರ್‌ನಲ್ಲಿ ಚನ್ನಪಟ್ಟಣ ಉಪಚುನಾವಣೆ ಪ್ರಚಾರದಲ್ಲಿ ಜಮೀರ್ ಅಹ್ಮದ್ ಖಾನ್ ಅವರು ಎಚ್.ಡಿ. ಕುಮಾರಸ್ವಾಮಿ ಅವರನ್ನು ಬಣ್ಣ ಹಿಡಿದು ಕರೆದರು. ಅವರೂ ಕ್ಷಮೆ ಕೇಳಿದರು. 2025ರ ಮೇ ತಿಂಗಳಲ್ಲಿ ಕಲಬುರಗಿಯಲ್ಲೇ ವಿಧಾನ ಪರಿಷತ್ ಸದಸ್ಯ ಎನ್. ರವಿಕುಮಾರ್ ಅವರು ಜಿಲ್ಲಾಧಿಕಾರಿಯನ್ನು ಪಾಕಿಸ್ತಾನದಿಂದ ಬಂದವರೋ ಎಂಬಂತೆ ಮಾತಾಡಿದರು. ಅದರ ಮೇಲೆ ಪ್ರಕರಣ ದಾಖಲಾಯಿತು, ಅವರೂ ವಿಷಾದ ಹೇಳಿದರು. ಬೇರೆ ಬೇರೆ ಪಕ್ಷದವರನ್ನು ಬೇಕೆಂದೇ ಹೆಸರಿಸಿದ್ದೇನೆ. ನಿಮ್ಮ ಪಕ್ಷದ ನಾಯಕರು ಬರೆದರೂ ಇದೇ ದೂರು ಕೊಡುತ್ತೀರಾ ಎಂದು ಮೊದಲು ನಿಮ್ಮನ್ನೇ ಕೇಳಿಕೊಳ್ಳಿ. ಹೌದು ಎಂದಾದರೆ ಮುಂದೆ ಓದಿ.

ಕೈಯಲ್ಲಿ ಏನೇನು ಇರಬೇಕು

ನಿಮ್ಮ ಮೊಬೈಲ್, ಆಧಾರ್ ಅಥವಾ ಬೇರೆ ಗುರುತಿನ ಚೀಟಿ, ಎರಡು ಪೆನ್‌ಡ್ರೈವ್, ಪೋಸ್ಟ್ ಕಣ್ಣಾರೆ ನೋಡಿದ ಇನ್ನಿಬ್ಬರು, ಒಂದು ಫೈಲ್. ವಕೀಲರು ಶುರುವಿನಲ್ಲೇ ಬೇಕೇಬೇಕು ಅಂತಿಲ್ಲ. ಬೇಕಾದರೆ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಮತ್ತು ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರ ನೆರವು ಉಚಿತ. ಸಹಾಯವಾಣಿ 15100.

ಹಂತ 1: ಅದು ನಿಂದನೆಯೋ, ಟೀಕೆಯೋ ನೋಡಿ

"ಈ ಸಚಿವರು ಕೆಲಸಕ್ಕೆ ಬಾರದವರು", "ಆ ಸಮುದಾಯಕ್ಕೆ ಕೊಟ್ಟ ಅನುದಾನ ಸರಿಯಲ್ಲ" ಎನ್ನುವುದು ಟೀಕೆ. ಖಾರವಾಗಿರಬಹುದು, ನಿಮಗೆ ಸಿಟ್ಟು ಬರಬಹುದು, ಆದರೆ ಅಪರಾಧ ಅಲ್ಲ. ಒಬ್ಬರು ಮಾಡಿದ ಕೆಲಸವನ್ನು ಬಿಟ್ಟು ಅವರ ಹುಟ್ಟು, ಚರ್ಮದ ಬಣ್ಣ, ಜಾತಿ, ಧರ್ಮ, ಭಾಷೆ, ಊರು ಹಿಡಿದು ಕೀಳು ಮಾಡಿದರೆ, ಅಥವಾ ಆ ಗುಂಪಿನ ಮೇಲೆ ಉಳಿದವರನ್ನು ಎತ್ತಿಕಟ್ಟಿದರೆ ಆಗ ಕಾನೂನು ಒಳಗೆ ಬರುತ್ತದೆ.

2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆ, ಅಂದರೆ ಐಪಿಸಿ, ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಚಿಕ್ಕದಾಗಿ ಬಿಎನ್‌ಎಸ್ ಎನ್ನುತ್ತಾರೆ. ನಮಗೆ ಮುಖ್ಯವಾಗಿ ಬೇಕಾದ ಕಲಂಗಳು ಇವು:

ಕಲಂ 196. ಧರ್ಮ, ಜನಾಂಗ, ಹುಟ್ಟಿದ ಸ್ಥಳ, ವಾಸ, ಭಾಷೆ, ಜಾತಿ, ಸಮುದಾಯದ ಆಧಾರದ ಮೇಲೆ ಗುಂಪುಗಳ ನಡುವೆ ದ್ವೇಷ ಹುಟ್ಟಿಸುವುದು. ಹಳೆಯ 153ಎ ಇದೇ. ಎಲೆಕ್ಟ್ರಾನಿಕ್ ಸಂವಹನ ಎಂಬ ಮಾತು ಈಗ ಕಲಂನಲ್ಲೇ ಇರುವುದರಿಂದ ಪೋಸ್ಟ್, ರೀಲ್, ಸ್ಟೇಟಸ್ ಎಲ್ಲ ಸೇರುತ್ತವೆ. 3 ವರ್ಷದವರೆಗೆ ಜೈಲು. ಹುಟ್ಟಿದ ಸ್ಥಳವೂ ಇದರಲ್ಲಿದೆ ನೋಡಿ, ನಮ್ಮ ಭಾಗದವರನ್ನು ಸೀಮೆ ಹಿಡಿದು ಹಂಗಿಸಿದಾಗ ಇದು ನೆನಪಿರಲಿ.

ಕಲಂ 299. ಬೇಕೆಂದೇ, ಕೆಟ್ಟ ಉದ್ದೇಶದಿಂದ ಒಂದು ಧರ್ಮವನ್ನು ಅವಮಾನಿಸುವುದು. ಹಳೆಯ 295ಎ.

ಕಲಂ 352. ಶಾಂತಿ ಕದಡಲಿ ಎಂದು ಒಬ್ಬರನ್ನು ಅವಮಾನಿಸುವುದು. ಇದು ಅಸಂಜ್ಞೇಯ ಅಪರಾಧ. ಅಂದರೆ ಮ್ಯಾಜಿಸ್ಟ್ರೇಟ್ ಅಪ್ಪಣೆ ಇಲ್ಲದೆ ಪೊಲೀಸರು ತನಿಖೆ ಮಾಡಲು ಬರುವುದಿಲ್ಲ.

ಇನ್ನು 1989ರ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ. ಎಲ್ಲರೂ ಅಟ್ರಾಸಿಟಿ ಕಾಯ್ದೆ ಎನ್ನುತ್ತೇವಲ್ಲ, ಅದೇ. ಇದರಲ್ಲಿ ಜನ ಎಡವುವ ಜಾಗ ಒಂದಿದೆ, ಸ್ವಲ್ಪ ನಿಂತು ಓದಿ. 3(1)(ಆರ್) ಕಲಂ ಸಾರ್ವಜನಿಕರ ಕಣ್ಣಿಗೆ ಬೀಳುವಲ್ಲಿ ಒಬ್ಬ ದಲಿತ ಅಥವಾ ಆದಿವಾಸಿ ವ್ಯಕ್ತಿಯನ್ನು ಅವಮಾನಿಸುವುದಕ್ಕೆ. 3(1)(ಎಸ್) ಜಾತಿ ಹೆಸರು ಹಿಡಿದು ಬೈಯುವುದಕ್ಕೆ. 3(1)(ಯು) ಇಡೀ ಸಮುದಾಯದ ಮೇಲೆ ದ್ವೇಷ ಹಬ್ಬಿಸುವುದಕ್ಕೆ. 3(1)(ವಿ) ಆ ಸಮುದಾಯ ಗೌರವಿಸುವ, ಈಗ ಬದುಕಿಲ್ಲದ ಹಿರಿಯರನ್ನು ಅವಮಾನಿಸುವುದಕ್ಕೆ. ಬಾಬಾಸಾಹೇಬರ ಚಿತ್ರ ವಿಕಾರ ಮಾಡಿ ಹಾಕಿದ ಪೋಸ್ಟ್‌ಗೆ ಕೊನೆಯದು ಹೊಂದುತ್ತದೆ. 2024ರ ಆಗಸ್ಟ್‌ನಲ್ಲಿ ಶಾಜನ್ ಸ್ಕರಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎರಡು ಮಾತು ಹೇಳಿತು. ಬೈಸಿಕೊಂಡವರು ಪರಿಶಿಷ್ಟ ಜಾತಿಯವರು ಅಂದ ಮಾತ್ರಕ್ಕೆ ಈ ಕಾಯ್ದೆ ಬರುವುದಿಲ್ಲ, ಅವಮಾನ ಜಾತಿಯ ಕಾರಣಕ್ಕೇ ಆಗಿರಬೇಕು. ಒಬ್ಬ ವ್ಯಕ್ತಿಯ ಮೇಲಿನ ಮಾತಿಗೆ 3(1)(ಯು) ಹೊಂದುವುದಿಲ್ಲ, ಅದು ಸಮುದಾಯದ ಮೇಲಿನ ಮಾತಿಗೆ ಮಾತ್ರ. ಆದ್ದರಿಂದ ಪೋಸ್ಟ್‌ನ ಯಾವ ಪದ, ಯಾವ ಚಿತ್ರ ಜಾತಿಯನ್ನು ತೋರಿಸುತ್ತದೆ ಎಂದು ದೂರಿನಲ್ಲಿ ಬೆರಳಿಟ್ಟು ಹೇಳಿ. ಇನ್ನೊಂದು: ಬರೆದವರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರೇ ಆಗಿದ್ದರೆ ಈ ಕಾಯ್ದೆ ಅನ್ವಯಿಸುವುದಿಲ್ಲ.

ಎಚ್ಚರ: ಐಟಿ ಕಾಯ್ದೆಯ 66ಎ ಕಲಂ ಎಂದು ಈಗಲೂ ಕೆಲವರು ದೂರಿನಲ್ಲಿ ಬರೆಯುತ್ತಾರೆ. ಅದನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದೇ ರದ್ದು ಮಾಡಿದೆ. ಹಾಗೆಯೇ 2025ರ ಡಿಸೆಂಬರ್‌ನಲ್ಲಿ ನಮ್ಮ ವಿಧಾನಮಂಡಲ ದ್ವೇಷ ಭಾಷಣ ತಡೆ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಮಸೂದೆಗೆ ಅಂಕಿತ ಬಿದ್ದು, ಗೆಜೆಟ್‌ನಲ್ಲಿ ಬಂದು, ಜಾರಿ ದಿನಾಂಕ ಗೊತ್ತಾದ ಮೇಲೆ ಮಾತ್ರ ಅದು ಕಾನೂನು. ಪೋಸ್ಟ್ ಹಾಕಿದ ದಿನ ಅದು ಜಾರಿಯಲ್ಲಿತ್ತೇ ಎಂದು ವಕೀಲರನ್ನು ಕೇಳದೆ ಅದರ ಹೆಸರು ಹಾಕಬೇಡಿ.

ಹಂತ 2: ಅಳಿಸುವ ಮೊದಲು ಹಿಡಿದಿಡಿ

ಇಡೀ ಕೆಲಸದಲ್ಲಿ ಇದೇ ದೊಡ್ಡದು. ಕಮೆಂಟ್ ಹಾಕುವ ಮೊದಲು, ರಿಪೋರ್ಟ್ ಒತ್ತುವ ಮೊದಲು, ಯಾರಿಗೂ ಕಳಿಸುವ ಮೊದಲು ಇದನ್ನು ಮುಗಿಸಿ.

ಬರೀ ಸ್ಕ್ರೀನ್‌ಶಾಟ್ ಸಾಲದು. ಅದನ್ನು ಯಾರು ಬೇಕಾದರೂ ತಯಾರಿಸಬಹುದು, ನಾಯಕರ ವಕೀಲರು ಮೊದಲು ಹೇಳುವುದೂ ಅದನ್ನೇ. ಸ್ಕ್ರೀನ್ ರೆಕಾರ್ಡಿಂಗ್ ಶುರು ಮಾಡಿ. ಫೋನಿನ ದಿನಾಂಕ, ಸಮಯ ತೋರಿಸಿ. ಆ್ಯಪ್ ತೆರೆದು ನಾಯಕರ ಖಾತೆಗೆ ನೀವೇ ಹುಡುಕಿಕೊಂಡು ಹೋಗಿ. ಖಾತೆಯ ಮುಖಪುಟ, ಅಟ್ ಗುರುತಿನಿಂದ ಶುರುವಾಗುವ ಹೆಸರು, ಹಿಂಬಾಲಕರ ಸಂಖ್ಯೆ ಕಾಣಲಿ. ಕೆಳಗೆ ಸರಿಸಿ ಪೋಸ್ಟ್ ತೆರೆಯಿರಿ. ಹಾಕಿದ ದಿನಾಂಕ, ಸಮಯ, ಎಷ್ಟು ಜನ ಹಂಚಿದ್ದಾರೆ ಎಂಬುದು, ಮೇಲಿನ ಕೆಲವು ಕಮೆಂಟ್‌ಗಳು ದಾಖಲಾಗಲಿ. ವಿಡಿಯೊ ಇದ್ದರೆ ಪೂರ್ತಿ ಓಡಿಸಿ. ಕೊನೆಗೆ ಶೇರ್ ಒತ್ತಿ ಲಿಂಕ್ ಕಾಪಿ ಮಾಡಿ, ಅದನ್ನು ನೋಟ್‌ನಲ್ಲಿ ಅಂಟಿಸಿ ತೋರಿಸಿ ನಿಲ್ಲಿಸಿ. ಲಿಂಕ್ ಇಲ್ಲದ ದೂರು ಠಾಣೆಯಲ್ಲೂ ನಿಲ್ಲುವುದಿಲ್ಲ, ಕಂಪನಿಯ ಮುಂದೂ ನಿಲ್ಲುವುದಿಲ್ಲ.

ಇದೇ ಕೆಲಸವನ್ನು ಇನ್ನಿಬ್ಬರು ತಮ್ಮ ತಮ್ಮ ಫೋನಿನಲ್ಲಿ ಮಾಡಲಿ. ಆರ್ಕೈವ್ ಡಾಟ್ ಆರ್ಗ್‌ನ ವೇಬ್ಯಾಕ್ ಮಷೀನ್‌ನಲ್ಲಿ ಲಿಂಕ್ ಹಾಕಿ ಉಳಿಸಲು ನೋಡಿ. ಫೇಸ್‌ಬುಕ್ ಪುಟಗಳು ಅದರಲ್ಲಿ ಒಮ್ಮೊಮ್ಮೆ ಉಳಿಯುವುದಿಲ್ಲ, ಅದಕ್ಕೇ ರೆಕಾರ್ಡಿಂಗ್ ಬಿಡಬೇಡಿ.

ಫೈಲ್‌ಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಅಥವಾ ವಿಡಿಯೊ ಆಗಿ ಕಳಿಸಿದರೆ ಅವು ಕುಗ್ಗುತ್ತವೆ, ಮೂಲದ ವಿವರ ಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೇ ನೇರ ಪೆನ್‌ಡ್ರೈವ್‌ಗೆ ಹಾಕಿ. ರೆಕಾರ್ಡ್ ಮಾಡಿದ ಫೋನನ್ನು ಮಾರಬೇಡಿ, ರೀಸೆಟ್ ಮಾಡಬೇಡಿ.

ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಕಾರ ಎಲೆಕ್ಟ್ರಾನಿಕ್ ಸಾಕ್ಷ್ಯದ ಜೊತೆ ಒಂದು ಪ್ರಮಾಣಪತ್ರ ಬೇಕು. ಹಳೆಯ 65ಬಿ ಸರ್ಟಿಫಿಕೇಟ್ ಇದೇ. ಈಗ ಅದರಲ್ಲಿ ಎರಡು ಭಾಗ. ಎ ಭಾಗಕ್ಕೆ ನೀವು ಸಹಿ ಹಾಕುತ್ತೀರಿ, ಬಿ ಭಾಗಕ್ಕೆ ತಜ್ಞರು. ಫೈಲ್‌ನ ಹ್ಯಾಶ್ ಸಂಖ್ಯೆಯನ್ನೂ ಬರೆಯಬೇಕು. ಹ್ಯಾಶ್ ಅಂದರೆ ಆ ಫೈಲ್‌ನ ಬೆರಳಚ್ಚು ಇದ್ದ ಹಾಗೆ. ಒಳಗೆ ಒಂದು ಅಕ್ಷರ ಬದಲಾದರೂ ಅದು ಬೇರೆಯಾಗುತ್ತದೆ. ಕಂಪ್ಯೂಟರ್ ಗೊತ್ತಿರುವ ಯಾರಾದರೂ ಇದನ್ನು ತೆಗೆದುಕೊಡಬಲ್ಲರು. ಮೊದಲ ದಿನವೇ ತೆಗೆಸಿ ಬರೆದಿಡಿ.

ಬೀದರ್ ಕಡೆ ಪೋಸ್ಟ್ ಮರಾಠಿಯಲ್ಲೋ ಉರ್ದುವಿನಲ್ಲೋ ಇರಬಹುದು, ಗುರುಮಠಕಲ್ ಕಡೆ ತೆಲುಗಿನಲ್ಲಿ ಇರಬಹುದು. ಮೂಲವನ್ನು ಹಾಗೇ ಇಟ್ಟು, ಪಕ್ಕದಲ್ಲಿ ಸಾಲು ಸಾಲಾಗಿ ಕನ್ನಡ ಅರ್ಥ ಬರೆದು, ಬರೆದವರ ಸಹಿ ಹಾಕಿಸಿ. ಇದಿಲ್ಲದಿದ್ದರೆ ಅನುವಾದಕರು ಸಿಗಲಿ ಎಂದು ದೂರು ಮೂಲೆಯಲ್ಲಿ ಕೂರುತ್ತದೆ.

ಹಂತ 3: ಖಾತೆ ಅವರದ್ದೇ ಎಂದು ತೋರಿಸಿ

"ಅದು ನನ್ನ ಖಾತೆಯಲ್ಲ", "ಹ್ಯಾಕ್ ಆಗಿತ್ತು", "ನಮ್ಮ ಹುಡುಗರು ಹಾಕಿದ್ದಾರೆ." ಈ ಮೂರರಲ್ಲಿ ಒಂದು ಉತ್ತರ ಬಂದೇ ಬರುತ್ತದೆ. ನೀಲಿ ಟಿಕ್ ನಂಬಬೇಡಿ. 2023ರಿಂದ ಎಕ್ಸ್‌ನಲ್ಲಿ ಅದು ದುಡ್ಡಿಗೆ ಸಿಗುತ್ತದೆ.

ಇದಕ್ಕೆ ಬಹಳ ಜನರಿಗೆ ಗೊತ್ತಿಲ್ಲದ ಒಂದು ದಾರಿ ಇದೆ. ಲೋಕಸಭೆ, ವಿಧಾನಸಭೆ ಚುನಾವಣೆಗೆ ನಿಂತವರು ನಾಮಪತ್ರದ ಜೊತೆ ನಮೂನೆ 26ರಲ್ಲಿ ಪ್ರಮಾಣಪತ್ರ ಕೊಡುತ್ತಾರೆ. ಅದರಲ್ಲಿ ಆಸ್ತಿ, ಪ್ರಕರಣಗಳ ಜೊತೆಗೆ ತಮ್ಮ ಸಾಮಾಜಿಕ ಜಾಲತಾಣದ ಖಾತೆಗಳನ್ನೂ ಬರೆಯಬೇಕು. ಈ ಪ್ರಮಾಣಪತ್ರ ಚುನಾವಣಾ ಆಯೋಗದ ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತದೆ. ಆ ಪುಟ ಪ್ರಿಂಟ್ ತೆಗೆದು ದೂರಿಗೆ ಲಗತ್ತಿಸಿ. ತಮ್ಮದೇ ಸಹಿ ಇರುವ ಕಾಗದವನ್ನು ಅಲ್ಲಗಳೆಯುವುದು ಕಷ್ಟ. ಅದೇ ಖಾತೆಯಲ್ಲಿ ಅವರು ನೇರಪ್ರಸಾರ ಮಾಡಿದ್ದು, ಸರ್ಕಾರಿ ಕಾರ್ಯಕ್ರಮದ ಫೋಟೊ ಹಾಕಿದ್ದು ಇದ್ದರೆ ಅದನ್ನೂ ಸೇರಿಸಿ. ವಿಷಾದದ ಪೋಸ್ಟ್ ಬಂದರೆ ತಕ್ಷಣ ಉಳಿಸಿಕೊಳ್ಳಿ, ಮೊದಲ ಪೋಸ್ಟ್ ತಮ್ಮದೇ ಎಂದು ಅವರೇ ಒಪ್ಪಿಕೊಂಡ ಹಾಗೆ ಅದು.

ವೇದಿಕೆಯ ಭಾಷಣದ ತುಣುಕಾಗಿದ್ದರೆ ಮಾತಾಡಿದವರು ಬೇರೆ, ವಿಡಿಯೊ ಹಾಕಿದವರು ಬೇರೆ. ಇಬ್ಬರನ್ನೂ ಬೇರೆ ಬೇರೆಯಾಗಿ ಬರೆಯಿರಿ. ಪೂರ್ತಿ ಭಾಷಣ ಹುಡುಕಿ ಕೇಳಿ. ಕತ್ತರಿಸಿದ ತುಣುಕನ್ನು ನಂಬಿ ದೂರು ಕೊಟ್ಟರೆ, ಪೂರ್ತಿ ವಿಡಿಯೊ ಹೊರಬಂದ ದಿನ ನಿಮ್ಮ ಮಾತಿಗೆ ಬೆಲೆ ಇರುವುದಿಲ್ಲ.

ಹಂತ 4: ಜಾಲತಾಣದ ಕಂಪನಿಗೆ ದೂರು

ಪೋಸ್ಟ್ ಪಕ್ಕದ ಮೂರು ಚುಕ್ಕೆ ಒತ್ತಿ ರಿಪೋರ್ಟ್ ಮಾಡುವುದು ಮೊದಲ ಮೆಟ್ಟಿಲು. ಆದರೆ ಅಲ್ಲಿಗೇ ನಿಲ್ಲಬೇಡಿ. ನಾಯಕರ ಪೋಸ್ಟ್‌ಗಳಿಗೆ ಸಾರ್ವಜನಿಕ ಹಿತದ ಹೆಸರಲ್ಲಿ ಕಂಪನಿಗಳು ವಿನಾಯಿತಿ ಕೊಡುವುದುಂಟು. 2021ರ ಐಟಿ ನಿಯಮಗಳ ಪ್ರಕಾರ ಪ್ರತಿ ದೊಡ್ಡ ಜಾಲತಾಣಕ್ಕೂ ಭಾರತದಲ್ಲಿ ಕುಂದುಕೊರತೆ ಅಧಿಕಾರಿ ಇರಬೇಕು. ಅವರ ಹೆಸರು, ವಿಳಾಸ ಆಯಾ ಜಾಲತಾಣದಲ್ಲೇ ಇರುತ್ತದೆ. ಅವರಿಗೆ ಬರೆದರೆ 24 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು. ಅವರ ಉತ್ತರ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಕೇಂದ್ರ ಸರ್ಕಾರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಆನ್‌ಲೈನ್‌ನಲ್ಲೇ ಹೋಗಬಹುದು.

ಕಂಪನಿ ತಾನೇ ಪೋಸ್ಟ್ ತೆಗೆದರೆ ಅದರ ದಾಖಲೆಯನ್ನು ತನಿಖೆಗಾಗಿ 180 ದಿನ ಇಟ್ಟುಕೊಳ್ಳಬೇಕು ಎಂಬ ನಿಯಮ ಇದೆ. ನಾಯಕರೇ ಅಳಿಸಿಕೊಂಡರೆ ಆ ಆಸರೆ ನೆಚ್ಚಬೇಡಿ. ಪೊಲೀಸ್ ದೂರಿನಲ್ಲಿ "ದಾಖಲೆ ಉಳಿಸಿಡುವಂತೆ ಕಂಪನಿಗೆ ತಕ್ಷಣ ಬರೆಯಿರಿ" ಎಂಬ ಸಾಲು ಅದಕ್ಕೇ ಬೇಕು.

ಹಂತ 5: ದೂರು ಬರೆಯುವುದು

ಎರಡು ಪುಟ ಸಾಕು. ಕಲಂಗಳ ಸಾಲು ಹಚ್ಚಬೇಡಿ. ಯಾವ ಕಲಂ ಎಂದು ನೋಡುವುದು ಪೊಲೀಸರ ಕೆಲಸ, ಏನು ನಡೆಯಿತು ಎಂದು ಹೇಳುವುದು ನಿಮ್ಮ ಕೆಲಸ. ಮಾದರಿ ಹೀಗಿದೆ:

ಗೆ,
ಪೊಲೀಸ್ ಇನ್‌ಸ್ಪೆಕ್ಟರ್ ಅವರು, ............ ಪೊಲೀಸ್ ಠಾಣೆ.

ವಿಷಯ: ಸಾಮಾಜಿಕ ಜಾಲತಾಣದಲ್ಲಿ ಜಾತಿ / ಧರ್ಮ / ಬಣ್ಣದ ಆಧಾರದ ಮೇಲೆ ನಿಂದಿಸಿ ದ್ವೇಷ ಹರಡಿದ ಬಗ್ಗೆ ದೂರು.

ಮಾನ್ಯರೇ,
ನಾನು ............ ಗ್ರಾಮದ ನಿವಾಸಿ. ದಿನಾಂಕ ......ರಂದು ...... ಗಂಟೆಗೆ ನನ್ನ ಮೊಬೈಲ್‌ನಲ್ಲಿ ............ (ಹುದ್ದೆ, ಹೆಸರು) ಅವರ ............ ಖಾತೆಯಲ್ಲಿ ಈ ಕೆಳಗಿನ ಪೋಸ್ಟ್ ನೋಡಿದೆ. ಲಿಂಕ್: ............ ಪೋಸ್ಟ್‌ನ ಮಾತುಗಳು ಇದ್ದ ಹಾಗೇ: "............". ಈ ಮಾತುಗಳು ............ ಸಮುದಾಯವನ್ನು ............ ಎಂದು ಹೀಯಾಳಿಸುತ್ತವೆ. ನಾನು ಆ ಸಮುದಾಯಕ್ಕೆ ಸೇರಿದವನು / ಸೇರಿದವಳು / ಸೇರಿಲ್ಲ. ಈ ಪೋಸ್ಟ್ ನಂತರ ನಮ್ಮ ಊರಿನಲ್ಲಿ ............ ನಡೆದಿದೆ. ಖಾತೆ ಅವರದ್ದೇ ಎನ್ನಲು ಲಗತ್ತು 3 ನೋಡಿ. ದಯವಿಟ್ಟು ಪ್ರಕರಣ ದಾಖಲಿಸಿ, ಎಫ್‌ಐಆರ್ ಪ್ರತಿ ಕೊಡಿ, ಪೋಸ್ಟ್ ಮತ್ತು ಖಾತೆಯ ದಾಖಲೆ ಉಳಿಸಿಡುವಂತೆ ಕಂಪನಿಗೆ ಬರೆಯಿರಿ.

ಲಗತ್ತು: 1. ಪೆನ್‌ಡ್ರೈವ್, ಹ್ಯಾಶ್ ಸಂಖ್ಯೆಯೊಂದಿಗೆ 2. ಪೋಸ್ಟ್‌ನ ಪ್ರಿಂಟ್, ಕನ್ನಡ ಅರ್ಥ 3. ನಮೂನೆ 26ರ ಪ್ರತಿ 4. ಸಾಕ್ಷಿಗಳ ಹೆಸರು, ವಿಳಾಸ.

ಪೋಸ್ಟ್ ನಂತರ ಏನೂ ನಡೆದಿಲ್ಲವಾದರೆ ಆ ಸಾಲು ಬಿಡಿ. ಬೆಂಕಿ ಬೀಳುತ್ತಿತ್ತು, ರಕ್ತ ಹರಿಯುತ್ತಿತ್ತು ಎಂದೆಲ್ಲ ಬರೆಯಬೇಡಿ. ಸುಳ್ಳು ಮಾಹಿತಿ ಕೊಡುವುದೂ ಅಪರಾಧ. ನಾಯಕರ ಮನೆಯವರ ಬಗ್ಗೆ, ಅವರ ಜಾತಿಯ ಬಗ್ಗೆ ಒಂದಕ್ಷರವೂ ಬೇಡ.

ಹಂತ 6: ಠಾಣೆಯಲ್ಲಿ

ಯಾವ ಠಾಣೆಗೆ ಹೋದರೂ ದೂರು ತೆಗೆದುಕೊಳ್ಳಬೇಕು. ವ್ಯಾಪ್ತಿ ಬೇರೆಯಾದರೆ ಝೀರೋ ಎಫ್‌ಐಆರ್ ಮಾಡಿ ಅಲ್ಲಿಗೆ ಕಳಿಸಬೇಕು. ಆದರೂ ನಿಮ್ಮ ಊರಿನ ಠಾಣೆ ಅಥವಾ ಜಿಲ್ಲೆಯ ಸಿಇಎನ್ ಠಾಣೆ ಒಳ್ಳೆಯದು. ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳನ್ನು ನೋಡುವ ಠಾಣೆ ಅದು. ಪರಿಶಿಷ್ಟ ಜಾತಿ, ಪಂಗಡದ ವಿಷಯವಾದರೆ ನಾಗರಿಕ ಹಕ್ಕುಗಳ ಜಾರಿ ನಿರ್ದೇಶನಾಲಯ, ಅಂದರೆ ಡಿಸಿಆರ್‌ಇಗೂ ಹೋಗಬಹುದು. ಸಹಾಯವಾಣಿ 14566. 1930ಕ್ಕೆ ಕರೆ ಮಾಡಬೇಡಿ, ಅದು ಮುಖ್ಯವಾಗಿ ಹಣದ ವಂಚನೆಗೆ. ರಾಷ್ಟ್ರೀಯ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ದೂರು ಹಾಕಬಹುದು. ಇ-ಮೇಲ್‌ನಂಥ ಎಲೆಕ್ಟ್ರಾನಿಕ್ ದಾರಿಯಲ್ಲಿ ದೂರು ಕೊಟ್ಟರೆ 3 ದಿನದೊಳಗೆ ಠಾಣೆಗೆ ಹೋಗಿ ಸಹಿ ಹಾಕಬೇಕು.

ನೂರು ಜನ ಕಟ್ಟಿಕೊಂಡು ಹೋಗಬೇಡಿ. ಇಬ್ಬರು, ಮೂವರು ಸಾಕು. ಜನ ಸೇರಿದರೆ ಠಾಣೆಯವರ ಲಕ್ಷ್ಯವೆಲ್ಲ ಗದ್ದಲದ ಕಡೆ ಹೋಗುತ್ತದೆ, ನಿಮ್ಮ ಮೇಲೇ ಪ್ರಕರಣ ಬೀಳಬಹುದು.

ಅಲ್ಲಿ ನಾಲ್ಕು ಮಾತು ಕೇಳಿಬರುತ್ತವೆ. ಒಂದೊಂದಕ್ಕೂ ಉತ್ತರ ಗೊತ್ತಿರಲಿ.

"ದೊಡ್ಡವರ ಮೇಲೆ ಎಫ್‌ಐಆರ್‌ಗೆ ಸರ್ಕಾರದ ಪರ್ಮಿಷನ್ ಬೇಕು." ಎಫ್‌ಐಆರ್‌ಗೆ ಬೇಡ. 196, 299ರಂಥ ಕಲಂಗಳಲ್ಲಿ ನ್ಯಾಯಾಲಯ ಪ್ರಕರಣವನ್ನು ವಿಚಾರಣೆಗೆ ಎತ್ತಿಕೊಳ್ಳುವ ಮೊದಲು ಸರ್ಕಾರದ ಪೂರ್ವಾನುಮತಿ ಬೇಕು. ನಾಗರಿಕ ಸುರಕ್ಷಾ ಸಂಹಿತೆಯ, ಅಂದರೆ ಬಿಎನ್‌ಎಸ್‌ಎಸ್‌ನ ಕಲಂ 217 ಹೇಳುವುದು ಇದನ್ನೇ.

"ಮೊದಲು ವಿಚಾರಿಸಿ ನೋಡುತ್ತೇವೆ." ಇದು ಸರಿಯಿರಬಹುದು, ಸಿಟ್ಟಾಗಬೇಡಿ. 3ರಿಂದ 7 ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್‌ಪಿ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಲು ಬಿಎನ್‌ಎಸ್‌ಎಸ್‌ನ ಕಲಂ 173(3) ಅವಕಾಶ ಕೊಡುತ್ತದೆ. ಮಾತಿಗೆ, ಬರಹಕ್ಕೆ ಸಂಬಂಧಿಸಿದ ಇಂಥ ಪ್ರಕರಣಗಳಲ್ಲಿ ಹೀಗೆ ವಿಚಾರಿಸುವುದೇ ಒಳ್ಳೆಯದು ಎಂದು 2025ರ ಮಾರ್ಚ್‌ನಲ್ಲಿ ಇಮ್ರಾನ್ ಪ್ರತಾಪಗಢಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಾಳೆ ನಿಮ್ಮ ಪೋಸ್ಟ್ ಮೇಲೆ ಯಾರಾದರೂ ಸುಮ್ನೆ ದೂರು ಕೊಟ್ಟರೆ ನಿಮ್ಮನ್ನು ಕಾಯುವುದೂ ಇದೇ ನಿಯಮ. 14 ದಿನ ಎಂದಿನಿಂದ ಎಂದು ಬರೆಸಿಕೊಳ್ಳಿ, ಅಷ್ಟೇ. ಅಟ್ರಾಸಿಟಿ ಕಾಯ್ದೆಯಲ್ಲಿ ಮಾತ್ರ ಕಲಂ 18ಎ ಪ್ರಕಾರ ಎಫ್‌ಐಆರ್‌ಗೆ ಮೊದಲು ವಿಚಾರಣೆಯ ಅಗತ್ಯವಿಲ್ಲ.

"ಎನ್‌ಸಿಆರ್ ಮಾಡಿ ಕೊಡುತ್ತೇವೆ." ಎನ್‌ಸಿಆರ್ ಅಂದರೆ ಅಸಂಜ್ಞೇಯ ಎಂದು ಬರೆದ ವರದಿ. ತನಿಖೆ ಅಲ್ಲೇ ನಿಲ್ಲುತ್ತದೆ. ಇದು ಗುಂಪಿನ ಮೇಲಿನ ದ್ವೇಷದ ಮಾತು, 196ಕ್ಕೆ ಬರುತ್ತದೆ ಎಂದು ವಿನಯವಾಗಿ ಹೇಳಿ.

"ಅವರು ಕ್ಷಮೆ ಕೇಳಿದರಲ್ಲ, ಬಿಡ್ರಿ." ಕ್ಷಮೆ ಕೇಳಿದರೆ ಅಪರಾಧ ಅಳಿಸಿಹೋಗುವುದಿಲ್ಲ. 2025ರ ಮೇ ತಿಂಗಳಲ್ಲಿ ಮಧ್ಯಪ್ರದೇಶದ ಸಚಿವ ವಿಜಯ್ ಶಾ ಅವರು ಕರ್ನಲ್ ಸೋಫಿಯಾ ಖುರೇಷಿ ಬಗ್ಗೆ ಆಡಿದ ಮಾತಿಗೆ ಹೈಕೋರ್ಟ್ ತಾನಾಗಿಯೇ ಎಫ್‌ಐಆರ್ ಮಾಡಿಸಿತು. ಅವರ ಕ್ಷಮೆಯನ್ನು ಸುಪ್ರೀಂ ಕೋರ್ಟ್ ಒಪ್ಪದೆ ವಿಶೇಷ ತನಿಖಾ ತಂಡ ರಚಿಸಿತು.

ದ್ವೇಷದ ಮಾತಿಗೆ ಯಾರೂ ದೂರು ಕೊಡದಿದ್ದರೂ ಪೊಲೀಸರೇ ಪ್ರಕರಣ ದಾಖಲಿಸಬೇಕು ಎಂದು 2023ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಹೇಳಿದೆ. ಪ್ರಭಾವ ಇರುವವರ ಮೇಲೆ ಮಾತಿನ ಹೊಣೆ ಜಾಸ್ತಿ ಎಂದು 2020ರ ಅಮೀಶ್ ದೇವಗನ್ ಪ್ರಕರಣದಲ್ಲಿ ಹೇಳಿದೆ. ಇವೆರಡನ್ನೂ ದೂರಿನ ಕೊನೆಯಲ್ಲಿ ಒಂದು ಸಾಲಿನಲ್ಲಿ ಬರೆಯಬಹುದು.

ಏನೇ ಆಗಲಿ, ಬರಿಗೈಲಿ ಹೊರಗೆ ಬರಬೇಡಿ. ಎಫ್‌ಐಆರ್ ಆದರೆ ಪ್ರತಿ ಉಚಿತ. ಆಗದಿದ್ದರೆ ದೂರು ಸ್ವೀಕರಿಸಿದ ಮೊಹರು, ದಿನಾಂಕ. ನಿರಾಕರಿಸಿದರೆ ಹಿಂಬರಹ, ಅಂದರೆ ಯಾಕೆ ಆಗುವುದಿಲ್ಲ ಎಂದು ಬರೆದ ಕಾಗದ. ಅದನ್ನೂ ಕೊಡದಿದ್ದರೆ ಅದೇ ದಿನ ಸ್ಪೀಡ್ ಪೋಸ್ಟ್‌ನಲ್ಲಿ ಠಾಣೆಗೆ ಕಳಿಸಿ ರಸೀದಿ ಇಟ್ಟುಕೊಳ್ಳಿ.

ಹಂತ 7: ಠಾಣೆ ಸುಮ್ಮನಿದ್ದರೆ

ಬಿಎನ್‌ಎಸ್‌ಎಸ್‌ನ ಕಲಂ 173(4) ಪ್ರಕಾರ ಎಸ್‌ಪಿ ಅವರಿಗೆ ಲಿಖಿತವಾಗಿ ಕಳಿಸಿ. ಕಲಬುರಗಿ ನಗರದವರು ಪೊಲೀಸ್ ಆಯುಕ್ತರಿಗೆ, ಜಿಲ್ಲೆಯ ಉಳಿದ ಭಾಗದವರು ಎಸ್‌ಪಿಗೆ. ಬೀದರ್, ಯಾದಗಿರಿಯಲ್ಲಿ ಎಸ್‌ಪಿ. ಅಲ್ಲೂ ಆಗದಿದ್ದರೆ ಪ್ರಮಾಣಪತ್ರ ಸಮೇತ ಮ್ಯಾಜಿಸ್ಟ್ರೇಟ್ ಮುಂದೆ. ಕಲಂ 175(3)ರಲ್ಲಿ ಅವರು ತನಿಖೆಗೆ ಆದೇಶ ಕೊಡಬಹುದು. ಠಾಣೆಗೂ ಎಸ್‌ಪಿಗೂ ಕೊಟ್ಟ ದಾಖಲೆ ಇಲ್ಲದೆ ನೇರ ಕೋರ್ಟಿಗೆ ಹೋದರೆ ಅರ್ಜಿ ವಾಪಸ್ ಬರುತ್ತದೆ. ಇಲ್ಲಿಂದ ಮುಂದೆ ವಕೀಲರು ಬೇಕು. ಶಾಸಕ, ಸಂಸದರ ಪ್ರಕರಣಗಳು ಬೆಂಗಳೂರಿನ ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯಕ್ಕೆ ಹೋಗಬಹುದು, ಸಾಕ್ಷಿ ಹೇಳಲು ಅಷ್ಟು ದೂರ ಹೋಗಬೇಕಾದೀತು ಎಂದು ಸಾಕ್ಷಿಗಳಿಗೆ ಮೊದಲೇ ಹೇಳಿ. ಹೈಕೋರ್ಟಿಗಾದರೆ ಬೆಂಗಳೂರಿಗೆ ಓಡಬೇಕಿಲ್ಲ, 2013ರಿಂದ ಕಲಬುರಗಿಯಲ್ಲೇ ಕಾಯಂ ಪೀಠ ಇದೆ.

ಅಟ್ರಾಸಿಟಿ ಪ್ರಕರಣವಾದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಾಗೃತಿ ಮತ್ತು ಉಸ್ತುವಾರಿ ಸಮಿತಿಗೆ ಒಂದು ಪ್ರತಿ ಕೊಡಿ. ಮೂರು ತಿಂಗಳಿಗೊಮ್ಮೆ ಅದು ಸಭೆ ಸೇರಬೇಕು. ಕರ್ತವ್ಯ ಬೇಕೆಂದೇ ಬಿಟ್ಟ ಅಧಿಕಾರಿಗೆ ಶಿಕ್ಷೆ ಕೊಡಲು ಕಾಯ್ದೆಯ ಕಲಂ 4 ಇದೆ.

ಹಂತ 8: ಬೇರೆ ಬಾಗಿಲುಗಳು

ಚುನಾವಣೆ ಸಮಯವಾದರೆ ಚುನಾವಣಾಧಿಕಾರಿಗೆ ಅದೇ ದಿನ ಲಿಖಿತ ದೂರು ಕೊಡಿ. ಚುನಾವಣಾ ಆಯೋಗದ ಸಿ-ವಿಜಿಲ್ ಆ್ಯಪ್ ಇದಕ್ಕೆ ಆಗುವುದಿಲ್ಲ, ಅದರಲ್ಲಿ ಅಲ್ಲೇ ತೆಗೆದ ಫೋಟೊ, ವಿಡಿಯೊ ಮಾತ್ರ ಹೋಗುತ್ತದೆ, ಗ್ಯಾಲರಿಯದ್ದು ಹೋಗುವುದಿಲ್ಲ. ತಡ ಮಾಡಿದರೆ ಏನಾಗುತ್ತದೆ ನೋಡಿ. 2024ರ ಮೇ 4ರಂದು ಬಿಜೆಪಿ ಕರ್ನಾಟಕ ಘಟಕದ ಎಕ್ಸ್ ಖಾತೆಯಲ್ಲಿ ಮೀಸಲಾತಿ ಮತ್ತು ಮುಸ್ಲಿಮರ ಕುರಿತ ಆ್ಯನಿಮೇಷನ್ ವಿಡಿಯೊ ಬಂತು. ಮಾರನೇ ದಿನವೇ ಕಾಂಗ್ರೆಸ್ ದೂರು ಕೊಟ್ಟಿತು. ತೆಗೆಯಿರಿ ಎಂದು ಚುನಾವಣಾ ಆಯೋಗ ಎಕ್ಸ್‌ಗೆ ಬರೆದದ್ದು ಮೇ 7ರಂದು. ಅವತ್ತು ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಮತದಾನ ನಡೆಯುತ್ತಿತ್ತು. ಇಂಥ ಪೋಸ್ಟ್‌ನಿಂದ ಗೆದ್ದರು ಎಂದು ಚುನಾವಣೆಯನ್ನೇ ಪ್ರಶ್ನಿಸುವುದಾದರೆ, ಫಲಿತಾಂಶದಿಂದ 45 ದಿನದೊಳಗೆ ಅಭ್ಯರ್ಥಿ ಅಥವಾ ಆ ಕ್ಷೇತ್ರದ ಮತದಾರರು ಹೈಕೋರ್ಟಿನಲ್ಲಿ ಚುನಾವಣಾ ಅರ್ಜಿ ಹಾಕಬೇಕು. ಒಂದು ದಿನ ತಡವಾದರೂ ಅರ್ಜಿ ನಿಲ್ಲುವುದಿಲ್ಲ.

ಸಂಸದರಾದರೆ ಸದನದ ನೀತಿ ಸಮಿತಿ ಇದೆ. ಲೋಕಸಭೆಯ ಸಮಿತಿಗೆ ಸಾಮಾನ್ಯ ಜನರ ದೂರು ಒಬ್ಬ ಸಂಸದರ ಮೂಲಕ, ಪ್ರಮಾಣಪತ್ರದೊಂದಿಗೆ ಹೋಗಬೇಕು. ಪತ್ರಿಕೆಯ ಸುದ್ದಿ ಮಾತ್ರ ಲಗತ್ತಿಸಿದರೆ ನಡೆಯುವುದಿಲ್ಲ. ಪರಿಶಿಷ್ಟ ಜಾತಿ, ಪಂಗಡ, ಮಹಿಳಾ, ಅಲ್ಪಸಂಖ್ಯಾತರ ಆಯೋಗಗಳಿಗೂ ಬರೆಯಬಹುದು. ಪಕ್ಷದ ಅಧ್ಯಕ್ಷರಿಗೂ ಬರೆಯಿರಿ, ಆದರೆ ಅದೊಂದನ್ನೇ ನೆಚ್ಚಬೇಡಿ. ದಕ್ಷಿಣದವರು ಆಫ್ರಿಕಾದವರಂತೆ ಕಾಣುತ್ತಾರೆ ಎಂದ ಸ್ಯಾಮ್ ಪಿತ್ರೋಡಾ 2024ರ ಮೇ 8ರಂದು ಕಾಂಗ್ರೆಸ್ಸಿನ ಸಾಗರೋತ್ತರ ಘಟಕದ ಅಧ್ಯಕ್ಷ ಸ್ಥಾನ ಬಿಟ್ಟರು. ಜೂನ್ ತಿಂಗಳಲ್ಲಿ ಅದೇ ಸ್ಥಾನಕ್ಕೆ ಮರಳಿದರು.

ಹಂತ 9: ಬೆನ್ನು ಬಿಡದಿರುವುದು

90 ದಿನದೊಳಗೆ ತನಿಖೆಯ ಪ್ರಗತಿಯನ್ನು ದೂರುದಾರರಿಗೆ ಪೊಲೀಸರು ತಿಳಿಸಬೇಕು. ಅಟ್ರಾಸಿಟಿ ಪ್ರಕರಣದಲ್ಲಿ 60 ದಿನದೊಳಗೆ ದೋಷಾರೋಪ ಪಟ್ಟಿ ಹಾಕಬೇಕು. ಈ ದಿನಾಂಕಗಳನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ.

ಸಾಕ್ಷ್ಯ ಇಲ್ಲ ಎಂದು ಪೊಲೀಸರು ಬಿ ರಿಪೋರ್ಟ್ ಹಾಕಿ ಮುಗಿಸಬಹುದು. ನ್ಯಾಯಾಲಯದಿಂದ ನಿಮಗೆ ನೋಟಿಸ್ ಬರುತ್ತದೆ. ಆಗ ತಕರಾರು ಅರ್ಜಿ ಹಾಕುವ ಹಕ್ಕು ನಿಮಗಿದೆ. ನೋಟಿಸ್ ಬಂದಾಗ ಊರಲ್ಲಿ ಇಲ್ಲ ಎಂದು ಸುಮ್ಮನಾಗಬೇಡಿ, ದೂರಿನಲ್ಲಿ ಕೊಟ್ಟ ವಿಳಾಸ, ಫೋನ್ ಬದಲಾದರೆ ಠಾಣೆಗೆ ಬರೆದು ತಿಳಿಸಿ. ದುಡಿಯಲಿಕ್ಕೆ ಪುಣೆ, ಮುಂಬೈ, ಹೈದರಾಬಾದಿಗೆ ಹೋಗುವವರು ಜಾಸ್ತಿ ಇರುವ ನಮ್ಮ ಕಡೆ ಎಷ್ಟೋ ಪ್ರಕರಣ ನಿಲ್ಲುವುದು ಇಲ್ಲೇ.

ದೋಷಾರೋಪ ಪಟ್ಟಿ ಸಿದ್ಧವಾದರೂ ಪೂರ್ವಾನುಮತಿಯ ಕಡತ ಗೃಹ ಇಲಾಖೆಯಲ್ಲಿ ಕೂತಿರಬಹುದು. ಅಧಿಕಾರದಲ್ಲಿರುವವರ ವಿಷಯದಲ್ಲಿ ಹೆಚ್ಚಿನ ವಿಳಂಬ ಇಲ್ಲೇ ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರ 30 ದಿನದಲ್ಲಿ. ತನಿಖೆಯ ವಿವರ ಕೇಳಿದರೆ ನಿರಾಕರಿಸಬಹುದು. ಅದರ ಬದಲು "ಪೂರ್ವಾನುಮತಿ ಕೋರಿದ ಪತ್ರ ಯಾವ ದಿನ ಬಂತು, ಕಡತ ಈಗ ಯಾರ ಮೇಜಿನ ಮೇಲಿದೆ" ಎಂದಷ್ಟೇ ಕೇಳಿ. 3 ವರ್ಷದವರೆಗಿನ ಶಿಕ್ಷೆಯ ಅಪರಾಧಗಳನ್ನು ನ್ಯಾಯಾಲಯ ಎತ್ತಿಕೊಳ್ಳಲು 3 ವರ್ಷದ ಕಾಲಮಿತಿ ಇದೆ, ಹಾಗಾಗಿ ಕೇಳುತ್ತಲೇ ಇರಿ.

ಈ ಹೊತ್ತಿನಲ್ಲಿ ನಿಮ್ಮ ಬಗ್ಗೆಯೂ ಜೋಪಾನ. ಎಫ್‌ಐಆರ್ ಪ್ರತಿಯನ್ನು ಗುಂಪುಗಳಲ್ಲಿ ಹಾಕಬೇಡಿ, ಅದರಲ್ಲಿ ನಿಮ್ಮ ಮನೆ ವಿಳಾಸ, ಸಾಕ್ಷಿಗಳ ಹೆಸರು ಇರುತ್ತದೆ. ಮೂಲ ಪೋಸ್ಟ್ ಅನ್ನು "ನೋಡಿ ಎಂಥಾ ಮಾತು" ಎಂದು ನೀವೇ ಹಂಚಬೇಡಿ. ಬೈಸಿಕೊಂಡವರಿಗೆ ಅದು ಎರಡನೇ ಸಲದ ಅವಮಾನ. ನಾಯಕರ ಬಗ್ಗೆ ಬರೆಯುವಾಗ "ಆರೋಪ", "ದೂರು ದಾಖಲಾಗಿದೆ" ಎಂದೇ ಬರೆಯಿರಿ, ಇಲ್ಲವಾದರೆ ಮಾನನಷ್ಟದ ನೋಟಿಸ್ ನಿಮಗೆ ಬರುತ್ತದೆ. ಬೆದರಿಕೆ ಕರೆ ಬಂದರೆ ಅದು ಪ್ರತ್ಯೇಕ ಅಪರಾಧ, ಪ್ರತ್ಯೇಕ ದೂರು ಕೊಡಿ. ಅಟ್ರಾಸಿಟಿ ಕಾಯ್ದೆಯ ಕಲಂ 15ಎ ಸಂತ್ರಸ್ತರಿಗೂ ಸಾಕ್ಷಿಗಳಿಗೂ ರಕ್ಷಣೆ ಕೇಳುವ ಹಕ್ಕು ಕೊಟ್ಟಿದೆ.

ದ್ವೇಷ ಹರಡಿದ ಕಲಂನಲ್ಲಿ ಶಿಕ್ಷೆಯಾದರೆ, ಬರೀ ದಂಡ ಬಿದ್ದರೂ ಸಹ, ಜನಪ್ರತಿನಿಧಿ ಕಾಯ್ದೆಯ ಕಲಂ 8ರ ಪ್ರಕಾರ ಆ ನಾಯಕರು 6 ವರ್ಷ ಚುನಾವಣೆಗೆ ನಿಲ್ಲುವಂತಿಲ್ಲ. ಜೈಲು ಶಿಕ್ಷೆಯಾದರೆ ಬಿಡುಗಡೆಯ ನಂತರ ಮತ್ತೆ 6 ವರ್ಷ. ತೀರ್ಪು ಬರುವ ಮೊದಲೇ ಚುನಾವಣೆ ಬಂದರೆ ಅವರ ಹೊಸ ನಮೂನೆ 26 ತೆಗೆದು ನೋಡಿ. ಬಾಕಿ ಇರುವ ಪ್ರಕರಣಗಳ ಕಾಲಂನಲ್ಲಿ ನಿಮ್ಮ ಎಫ್‌ಐಆರ್ ಸಂಖ್ಯೆ, ಠಾಣೆಯ ಹೆಸರು ಇರಬೇಕು. ಇಲ್ಲದಿದ್ದರೆ ನಾಮಪತ್ರ ಪರಿಶೀಲನೆಯ ದಿನಕ್ಕೆ ಮೊದಲೇ ಎಫ್‌ಐಆರ್ ಪ್ರತಿಯೊಂದಿಗೆ ಚುನಾವಣಾಧಿಕಾರಿಗೆ ಲಿಖಿತವಾಗಿ ತಿಳಿಸಿ, ಸ್ವೀಕೃತಿ ತೆಗೆದುಕೊಳ್ಳಿ.